ದೇಣಿಗೆಗಾಗಿ ಮಳೆಕಾಡಿನ ಚಾರಣ: ಹೋಗುವುದು ಸರಿಯೇ?

ಪ್ರಶ್ನೆ: ನನಗೆ 48 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದನ್ನು ಬಿಟ್ಟರೆ ಆರೋಗ್ಯವಾಗಿದ್ದೇನೆ, ನಡೆಯುವ ಅಭ್ಯಾಸವೂ ಇದೆ. ಪ್ರಾಣಿ ರಕ್ಷಣೆಗೆ ಹಣ ಸಂಗ್ರಹಿಸುವ ಸಂಸ್ಥೆಯೊಂದು ಬೋರ್ನಿಯೋ ದ್ವೀಪದಲ್ಲಿರುವ ಮಲೇಷಿಯಾದ ಸಬಾ ರಾಜ್ಯದಲ್ಲಿ ಐದು ದಿನಗಳ ಮಳೆಕಾಡಿನ ಚಾರಣ ಏರ್ಪಡಿಸಿದೆ. ಭಾಗವಹಿಸುವ ಪ್ರತಿಯೊಬ್ಬರೂ ಬಂಧುಮಿತ್ರರಿಂದ ಇಂತಿಷ್ಟು ಎಂದು ನಿಗದಿಯಾದ ಕನಿಷ್ಠ ಮೊತ್ತವನ್ನು ಸಂಗ್ರಹಿಸಿ ಕೊಡಬೇಕು. ಅಷ್ಟು ಕೊಟ್ಟರೆ ವಿಮಾನದ ಟಿಕೆಟ್, ವಸತಿ, ಊಟ, ಮಾರ್ಗದರ್ಶಕರ ವೆಚ್ಚ ಎಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಹಣ ಒರಾಂಗುಟಾನ್ ಮತ್ತು ಸೂರ್ಯಕರಡಿಗಳ ರಕ್ಷಣೆಗೆ ಹೋಗುತ್ತದಂತೆ. ಕರಪತ್ರದಲ್ಲಿ ಚಾರಣಿಗರೊಬ್ಬರು ಒರಾಂಗುಟಾನ್ ಮರಿಯನ್ನು ಎದೆಗವಚಿಕೊಂಡಿರುವ ಚಿತ್ರವಿದೆ. ಹೋಗಬೇಕೆಂಬ ಆಸೆ ನನಗೆ ಬಹಳವಿದೆ. ಆದರೆ ನನ್ನ ಅಣ್ಣ, "ಪ್ರಾಣಿಗಳ ಮೇಲೆ ಅಷ್ಟು ಪ್ರೀತಿಯಿದ್ದರೆ ಹಣವನ್ನು ನೇರವಾಗಿ ಕಳುಹಿಸು, ಕಂಡವರ ದುಡ್ಡಿನಲ್ಲಿ ಪ್ರವಾಸ ಮಾಡಿ ಅದಕ್ಕೆ ಸೇವೆ ಎಂದು ಹೆಸರಿಡಬೇಡ" ಎನ್ನುತ್ತಾನೆ. ಹತ್ತಾರು ಜನ ಕಾಡಿನಲ್ಲಿ ನಡೆದರೆ ಅಲ್ಲಿನ ಪ್ರಾಣಿಗಳಿಗೆ ತೊಂದರೆಯಾಗುವುದಿಲ್ಲವೇ ಎಂಬ ಅನುಮಾನವೂ ಇದೆ. ಜಿಗಣೆ, ಹಾವುಗಳ ಭಯವಂತೂ ಇದ್ದೇ ಇದೆ. ನಾನು ಹೋಗಬಹುದೇ? ಹೋಗುವುದು ಸರಿಯೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಅವುಗಳ ಬುಡದಲ್ಲಿರುವ ಅಳುಕು ಮಾತ್ರ ಒಂದೇ. ಪ್ರಾಣಿಗಳ ಹೆಸರು ಹೇಳಿಕೊಂಡು ನನ್ನ ಆಸೆಯನ್ನು ತೀರಿಸಿಕೊಳ್ಳುತ್ತಿದ್ದೇನೆಯೇ ಎಂಬುದು ಆ ಅಳುಕು. ವನ್ಯಜೀವಿಗಳ ವೈದ್ಯನಾಗಿ ರಕ್ಷಣಾ ಕೇಂದ್ರಗಳಲ್ಲಿ ಕೆಲಸ ಮಾಡಿದವನಾದ್ದರಿಂದ ಇಂತಹ ಚಾರಣಗಳಿಂದ ಬಂದ ಹಣವನ್ನು ಖರ್ಚು ಮಾಡುವ ಕಡೆಯಲ್ಲೂ ನಾನು ಇದ್ದೇನೆ, ಚಾರಣಿಗರ ತಂಡಗಳ ಜೊತೆ ಕಾಡಿನಲ್ಲಿ ನಡೆದೂ ಇದ್ದೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಸ್ಪಷ್ಟವಾಗಿರುವುದು ಇಷ್ಟು: ನೀವು ಕಾಡಿನಲ್ಲಿ ನಡೆಯುವುದರಿಂದ ಒಂದೇ ಒಂದು ಒರಾಂಗುಟಾನ್‌ಗೂ ಪ್ರಯೋಜನವಿಲ್ಲ. ಪ್ರಯೋಜನವಾಗುವುದು ಹಣದಿಂದ; ನಡಿಗೆ ಆ ಹಣವನ್ನು ಕೂಡಿಸಲು ಒಂದು ನೆಪ. ಆದ್ದರಿಂದ ಈ ಚಾರಣ ಒಳ್ಳೆಯದೋ ಅಲ್ಲವೋ ಎಂಬುದು ನೀವು ವಿಮಾನ ಹತ್ತುವುದಕ್ಕೆ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಖರ್ಚನ್ನು ಯಾರು ಭರಿಸುತ್ತಾರೆ, ಉಳಿದದ್ದು ಯಾವ ಕೆಲಸಕ್ಕೆ ಹೋಗುತ್ತದೆ, ದೇಣಿಗೆ ಕೊಟ್ಟವರಿಗೆ ಇವೆರಡೂ ಗೊತ್ತಿವೆಯೇ ಎಂಬ ಮೂರು ವಿಷಯಗಳು ಅದನ್ನು ತೀರ್ಮಾನಿಸುತ್ತವೆ.

ಮೊದಲು ಹಣದ ವಿಷಯ. ಇಂತಹ ಚಾರಣಗಳನ್ನು ನಡೆಸುವ ಕ್ರಮಗಳು ಮುಖ್ಯವಾಗಿ ಎರಡು. ಒಂದರಲ್ಲಿ ಚಾರಣಿಗರು ತಮ್ಮ ಪ್ರಯಾಣ, ವಸತಿ, ಮಾರ್ಗದರ್ಶನದ ವೆಚ್ಚವನ್ನು ಸ್ವಂತ ಜೇಬಿನಿಂದ ಕೊಡುತ್ತಾರೆ ಮತ್ತು ಇತರರಿಂದ ಸಂಗ್ರಹಿಸಿದ ದೇಣಿಗೆಯೆಲ್ಲ ಸಂಸ್ಥೆಗೆ ಸೇರುತ್ತದೆ. ಇನ್ನೊಂದು ನಿಮಗೆ ಹೇಳಿರುವ ಕ್ರಮ. ಅದರಲ್ಲಿ ನಿಗದಿತ ಕನಿಷ್ಠ ಮೊತ್ತ ಕೂಡಿಸಿದವರಿಗೆ ಪ್ರವಾಸದ ವೆಚ್ಚ ಆ ಮೊತ್ತದಿಂದಲೇ ಸಂದಾಯವಾಗುತ್ತದೆ. ಈ ಬಗೆಯ ಚಾರಣಗಳು ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಬ್ರಿಟನ್ನಿನಂತಹ ದೇಶಗಳಲ್ಲಿ, ಎರಡನೆಯ ಕ್ರಮದ ಪ್ರಕಾರ ಸಂಗ್ರಹವಾದ ಹಣದ ಅರ್ಧದಷ್ಟು ಪ್ರವಾಸಕ್ಕೇ ಖರ್ಚಾಗುವುದು ಅಪರೂಪವಲ್ಲ. ಇದು ಮೋಸವೆಂದು ನಾನು ಹೇಳುತ್ತಿಲ್ಲ. ಮೋಸವಾಗುವುದು ಅದನ್ನು ಮುಚ್ಚಿಟ್ಟಾಗ. ನಿಮ್ಮ ಸಹೋದ್ಯೋಗಿಯೊಬ್ಬರು ಒರಾಂಗುಟಾನ್ ಮರಿಯ ಹಾಲಿಗೆಂದು ಕೊಟ್ಟ ಹಣದಲ್ಲಿ ಅರ್ಧಭಾಗ ನಿಮ್ಮ ವಿಮಾನದ ಟಿಕೆಟ್ಟಿಗೆ ಹೋಗಿದ್ದು ಅವರಿಗೆ ಆಮೇಲೆ ತಿಳಿದರೆ, ಅವರು ನಿಮ್ಮನ್ನಷ್ಟೇ ಅಲ್ಲ, ಮುಂದೆ ನಿಜವಾದ ಅಗತ್ಯಕ್ಕಾಗಿ ಕೈಚಾಚುವ ಯಾರನ್ನೂ ನಂಬುವುದಿಲ್ಲ.

ನಿಮ್ಮ ಅಣ್ಣನವರ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಪ್ರವಾಸಕ್ಕೆ ತಗಲುವ ಹಣವನ್ನೆಲ್ಲ ನೀವು ನೇರವಾಗಿ ಕಳುಹಿಸಿದರೆ ಪ್ರಾಣಿಗಳಿಗೆ ಹೆಚ್ಚು ಸಿಗುತ್ತದೆ ಎಂಬ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ಆ 'ಕಳುಹಿಸಿದರೆ' ಎಂಬಲ್ಲಿ. ನಾನು ಕಂಡಂತೆ, ರಜೆಗೆಂದು ತೆಗೆದಿಟ್ಟ ಹಣವನ್ನು ಇಡಿಯಾಗಿ ದಾನ ಮಾಡುವವರು ಬಹಳ ಕಡಿಮೆ. ಹಾಗೆಯೇ, ಯಾರೂ ಕೇಳದಿದ್ದರೆ ನಿಮ್ಮ ನೆಂಟರಿಷ್ಟರಲ್ಲಿ ಹೆಚ್ಚಿನವರು ಎಂದೂ ನೋಡದ ದ್ವೀಪದ ಕರಡಿಗೆ ದುಡ್ಡು ಕೊಡುವವರಲ್ಲ. ಅವರು ಕೊಡುವುದು ಕರಡಿಗೆ ಎನ್ನುವುದಕ್ಕಿಂತ ನಿಮಗೆ. ನೀವು ಕಷ್ಟಪಟ್ಟು ಏನನ್ನೋ ಮಾಡುತ್ತೀರಿ ಎಂಬ ಮೆಚ್ಚುಗೆಗೆ. ಹೀಗೆ ಕೂಡುವ ಹಣ ಬೇರೆ ದಾರಿಯಲ್ಲಿ ಬರುವಂಥದ್ದಲ್ಲ. ಆದ್ದರಿಂದ ನಿಮ್ಮ ಖರ್ಚನ್ನು ನೀವೇ ಕೊಟ್ಟುಕೊಂಡು, ಇತರರು ಕೊಟ್ಟ ಪ್ರತಿ ರೂಪಾಯಿಯನ್ನೂ ಕೆಲಸಕ್ಕೆ ಸೇರಿಸುವುದಾದರೆ ಅಣ್ಣನವರ ಆಕ್ಷೇಪಕ್ಕೆ ಆಧಾರವೇ ಉಳಿಯುವುದಿಲ್ಲ. ಕನಿಷ್ಠ ಮೊತ್ತದ ಕ್ರಮವನ್ನು ಅನುಸರಿಸುವ ಸಂಸ್ಥೆಗಳಲ್ಲಿ ಹಲವು, ಕೇಳಿದರೆ ಸ್ವಂತ ವೆಚ್ಚದಲ್ಲಿ ಬರುವುದಕ್ಕೂ ಒಪ್ಪುತ್ತವೆ. ಅಷ್ಟು ಅನುಕೂಲ ನಿಮಗಿಲ್ಲವೆಂದಾದರೆ ದೇಣಿಗೆ ಕೇಳುವ ಪತ್ರದಲ್ಲಿಯೇ, "ನೀವು ಕೊಡುವುದರಲ್ಲಿ ಇಷ್ಟು ಭಾಗ ನನ್ನ ಪ್ರಯಾಣಕ್ಕೆ, ಇಷ್ಟು ಭಾಗ ರಕ್ಷಣೆಯ ಕೆಲಸಕ್ಕೆ" ಎಂದು ಬರೆಯಿರಿ. ಕೆಲವರು ಹಿಂದೆ ಸರಿಯಬಹುದು. ಸರಿಯಲಿ.

ಎರಡನೆಯ ವಿಷಯಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಉಳಿದ ಹಣ 'ಪ್ರಾಣಿ ರಕ್ಷಣೆ'ಗೆ ಹೋಗುತ್ತದೆ ಎಂದರೆ ಏನು? ಪ್ರಾಣಿಕಲ್ಯಾಣ ಮತ್ತು ವನ್ಯಜೀವಿ ಸಂರಕ್ಷಣೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾದರೂ ಅವು ಬೇರೆ ಬೇರೆ ಕೆಲಸಗಳು. ಕಲ್ಯಾಣ ನೋಡುವುದು ಎದುರಿಗಿರುವ ಒಂದು ಜೀವದ ನೋವನ್ನು. ಸಂರಕ್ಷಣೆ ನೋಡುವುದು ಒಂದು ಸಂತತಿ ಮುಂದಿನ ನೂರು ವರ್ಷ ಬದುಕಿರುತ್ತದೆಯೇ ಎಂಬುದನ್ನು. ಸಬಾದಲ್ಲಿ ಎರಡೂ ನಡೆಯುತ್ತವೆ. ಸಂದಕನ್ ನಗರದ ಬಳಿಯ ಸೆಪಿಲೋಕ್‌ನಲ್ಲಿ 1964ರಲ್ಲಿ ಆರಂಭವಾದ ಒರಾಂಗುಟಾನ್ ಪುನರ್ವಸತಿ ಕೇಂದ್ರವಿದೆ. ಅದರ ಪಕ್ಕದಲ್ಲೇ 2008ರಲ್ಲಿ ಜೀವವಿಜ್ಞಾನಿ ವಾಂಗ್ ಸ್ಯೂ ಟೆ ಅವರು ಸ್ಥಾಪಿಸಿದ ಸೂರ್ಯಕರಡಿಗಳ ಸಂರಕ್ಷಣಾ ಕೇಂದ್ರವಿದೆ. ಸೂರ್ಯಕರಡಿ ಜಗತ್ತಿನ ಕರಡಿಗಳಲ್ಲೆಲ್ಲ ಚಿಕ್ಕದು. ಕಾಡು ಕಡಿದಾಗ, ತಾಯಿಯನ್ನು ಕೊಂದಾಗ, ಮನೆಯಲ್ಲಿ ಸಾಕಲು ಮರಿಯನ್ನು ಹಿಡಿದಾಗ ಕೊನೆಗೆ ಅನಾಥವಾಗಿ ಇಂತಹ ಕೇಂದ್ರಕ್ಕೆ ಬರುತ್ತದೆ. ಬಂದವುಗಳಲ್ಲಿ ಕೆಲವು ಕಾಡಿಗೆ ಮರಳುತ್ತವೆ. ಮನುಷ್ಯರ ನಡುವೆ ಬಹುಕಾಲ ಪಂಜರದಲ್ಲಿದ್ದವು, ಹಲ್ಲು ಉಗುರು ಕಳೆದುಕೊಂಡವು ಮರಳಲಾರವು. ಸಾಕಣೆಯಲ್ಲಿ ಕರಡಿಯೊಂದು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು ಎಂಬುದನ್ನು ನೆನೆದರೆ, ಒಂದು ಮರಿಯನ್ನು ಒಳಗೆ ಸೇರಿಸಿಕೊಳ್ಳುವುದೆಂದರೆ ಎಷ್ಟು ದೀರ್ಘವಾದ ಖರ್ಚಿಗೆ ಒಪ್ಪಿಕೊಂಡಂತೆ ಎಂಬುದು ಅರ್ಥವಾದೀತು.

ಒರಾಂಗುಟಾನ್ ಮರಿಯ ವಿಷಯದಲ್ಲೂ ಹೀಗೆಯೇ. ಕಾಡಿನಲ್ಲಿ ಮರಿ ಆರೇಳು ವರ್ಷ ತಾಯಿಯ ಜೊತೆಗೇ ಇದ್ದು ಯಾವ ಹಣ್ಣು ಯಾವಾಗ ಬಿಡುತ್ತದೆ, ಗೂಡು ಕಟ್ಟುವುದು ಹೇಗೆ, ಯಾವ ಕೊಂಬೆ ತನ್ನ ಭಾರವನ್ನು ತಡೆಯುತ್ತದೆ ಎಂಬುದನ್ನೆಲ್ಲ ಕಲಿಯುತ್ತದೆ. ತಾಯಿಯಿಲ್ಲದ ಮರಿಗೆ ಅದನ್ನು ಮನುಷ್ಯರು ಕಲಿಸಬೇಕು, ಅದೂ ಮನುಷ್ಯರಿಗೆ ಅಂಟಿಕೊಳ್ಳದಂತೆ. ಇದು ವರ್ಷಗಟ್ಟಲೆ ನಡೆಯುವ, ಸಂಬಳ, ಔಷಧಿ, ಹಣ್ಣು, ಬೇಲಿ ಎಂದು ಪ್ರತಿ ತಿಂಗಳೂ ಹಣ ಬೇಡುವ ಕೆಲಸ.

ಆದರೆ ಸಂತತಿ ಉಳಿಯುವುದು ಕೇಂದ್ರಗಳಿಂದಲ್ಲ, ಕಾಡಿನಿಂದ. 1999ರಿಂದ 2015ರ ನಡುವೆ ಬೋರ್ನಿಯೋ ದ್ವೀಪ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳನ್ನು ಕಳೆದುಕೊಂಡಿತು ಎಂಬುದು ವಿಜ್ಞಾನಿಗಳ ಅಂದಾಜು. 2016ರಲ್ಲಿ ಈ ಪ್ರಭೇದವನ್ನು ಅಳಿವಿನ ಅಂಚಿನಲ್ಲಿರುವ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಲಾಯಿತು. ಹೆಣ್ಣು ಒರಾಂಗುಟಾನ್ ಒಂದು ಮರಿ ಹಾಕಿದ ಮೇಲೆ ಮತ್ತೊಂದಕ್ಕೆ ಸುಮಾರು ಏಳೆಂಟು ವರ್ಷ ಬೇಕು. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯಲ್ಲಿ ವರ್ಷಕ್ಕೆ ಕೆಲವೇ ಹೆಣ್ಣುಗಳು ಸತ್ತರೂ ಸಂತತಿ ಕುಸಿಯುತ್ತದೆ, ಮತ್ತು ಎಷ್ಟು ಮರಿಗಳನ್ನು ಸಾಕಿದರೂ ಆ ನಷ್ಟ ತುಂಬುವುದಿಲ್ಲ. ಸಬಾದಲ್ಲಿ ಈಗ ಸುಮಾರು 11 ಸಾವಿರ ಒರಾಂಗುಟಾನ್‌ಗಳಿವೆ ಎಂದು ಎಣಿಕೆಗಳು ಹೇಳುತ್ತವೆ. ಒಳನಾಡಿನ ದೊಡ್ಡ, ಕಾವಲಿರುವ ಕಾಡುಗಳಲ್ಲಿ ಅವುಗಳ ಸಂಖ್ಯೆ ಸ್ಥಿರವಾಗಿದೆ. ಎಣ್ಣೆತಾಳೆ ತೋಟಗಳ ನಡುವೆ ತುಂಡುತುಂಡಾಗಿ ಉಳಿದ ಕಾಡುಗಳಲ್ಲಿ ಇಳಿದಿದೆ.

ಕಿನಬತಂಗನ್ ನದಿಯ ಕೆಳಹರಿವಿನಲ್ಲಿ ಈ ತುಂಡಾಗುವಿಕೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. 560 ಕಿಲೋಮೀಟರ್ ಉದ್ದದ ಈ ನದಿಯ ದಂಡೆಗಳಲ್ಲಿ 2005ರಲ್ಲಿ ವನ್ಯಧಾಮ ಘೋಷಣೆಯಾಯಿತಾದರೂ ಅದು ಒಂದೇ ಕಾಡಲ್ಲ, ತೋಟಗಳ ನಡುವೆ ಬಿಡಿಬಿಡಿಯಾಗಿ ಬಿದ್ದಿರುವ ಹಲವು ಪಟ್ಟಿಗಳು. ಹಿಂದೆ ದೊಡ್ಡ ಮರಗಳ ಕೊಂಬೆಗಳು ಉಪನದಿಗಳ ಮೇಲೆ ಪರಸ್ಪರ ತಾಗುತ್ತಿದ್ದುದರಿಂದ ಒರಾಂಗುಟಾನ್‌ಗಳು ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದವು. ಆ ಮರಗಳು ಹೋದ ಮೇಲೆ, ಈಜಲಾರದ ಈ ಪ್ರಾಣಿಗೆ ಹತ್ತು ಹೆಜ್ಜೆ ಅಗಲದ ಹೊಳೆಯೂ, ತೋಟದವರು ನೀರು ಬಸಿಯಲೆಂದು ತೋಡಿದ ಕಾಲುವೆಯೂ ದಾಟಲಾಗದ ಗಡಿಯಾಯಿತು. ಅಲ್ಲಿನ ಸಂರಕ್ಷಕರು ಹಗ್ಗದ ಸೇತುವೆಗಳನ್ನು ಕಟ್ಟಿದರು. ಅವು ಕೆಲಸ ಮಾಡುತ್ತವೆ. ಆದರೆ ನಿಜವಾದ ಪರಿಹಾರ ಆ ಪಟ್ಟಿಗಳನ್ನು ಮತ್ತೆ ಕಾಡಿನಿಂದಲೇ ಬೆಸೆಯುವುದು, ಅಂದರೆ ಭೂಮಿ ಕೊಳ್ಳುವುದು, ಗಿಡ ನೆಡುವುದು, ನೆಟ್ಟದ್ದನ್ನು ಬಳ್ಳಿ ಮತ್ತು ಹುಲ್ಲು ನುಂಗದಂತೆ ಎರಡು ಮೂರು ವರ್ಷ ಕಾಯುವುದು. ಇವು ಚಿತ್ರಕ್ಕೆ ಚೆನ್ನಾಗಿ ಕಾಣದ ಕೆಲಸಗಳು. ಕಾಲುವೆಯ ಪಕ್ಕ ಕತ್ತಿ ಹಿಡಿದು ಕಳೆ ಸವರುತ್ತಿರುವ ಹೆಂಗಸಿನ ಚಿತ್ರವನ್ನು ಯಾವ ಕರಪತ್ರದ ಮುಖಪುಟದಲ್ಲೂ ನಾನು ಕಂಡಿಲ್ಲ.

2000ದಿಂದ 2019ರವರೆಗೆ ಒರಾಂಗುಟಾನ್ ರಕ್ಷಣೆಗೆ ಜಗತ್ತಿನಾದ್ಯಂತ 100 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚವಾಗಿದೆ. ಆ ಹಣ ಏನು ಸಾಧಿಸಿತು ಎಂದು ಲೆಕ್ಕಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮಂತಹ ವೈದ್ಯರಿಗೆ ಅಷ್ಟೇನೂ ಹಿತವಲ್ಲದ ಉತ್ತರ ಕೊಟ್ಟಿತು: ಸಂತತಿಯ ಉಳಿವಿನ ದೃಷ್ಟಿಯಿಂದ ಆವಾಸಸ್ಥಾನದ ರಕ್ಷಣೆ, ಗಸ್ತು ಮತ್ತು ಸುತ್ತಲಿನ ಜನರೊಂದಿಗಿನ ಕೆಲಸಕ್ಕೆ ಹಾಕಿದ ಹಣವೇ ಹೆಚ್ಚು ಫಲ ಕೊಟ್ಟಿದೆ, ಪುನರ್ವಸತಿಗೆ ಹಾಕಿದ್ದು ಕಡಿಮೆ. ಹಾಗೆಂದು ಅನಾಥ ಮರಿಗಳನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಎದುರಿಗೆ ಬಂದ ಜೀವಕ್ಕೆ ಚಿಕಿತ್ಸೆ ಕೊಡದಿರಲು ಯಾವ ಲೆಕ್ಕವೂ ಕಾರಣವಾಗಬಾರದು. ಅಲ್ಲದೆ ಅಕ್ರಮವಾಗಿ ಸಾಕಿದ ಪ್ರಾಣಿಯನ್ನು ವಶಪಡಿಸಿಕೊಂಡ ಅಧಿಕಾರಿಗೆ ಅದನ್ನು ಒಪ್ಪಿಸಲು ಒಂದು ಸ್ಥಳ ಇಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಆದರೆ ಕಾಡನ್ನು ಕಳೆದುಕೊಂಡ ಮೇಲೆ ಕೇಂದ್ರಗಳು ಏನು ಮಾಡಬಲ್ಲವು ಎಂಬುದಕ್ಕೆ ಸಬಾದಲ್ಲೇ ಉದಾಹರಣೆಯಿದೆ. ಸುಮಾತ್ರಾ ಘೇಂಡಾಮೃಗದ ಸಂಖ್ಯೆ ಬೆರಳೆಣಿಕೆಗೆ ಇಳಿದ ಮೇಲೆ ಉಳಿದವನ್ನು ಹಿಡಿದು ತಂದು ಅತ್ಯುತ್ತಮ ಆರೈಕೆ ಕೊಡಲಾಯಿತು. 2019ರ ಮೇ ತಿಂಗಳಲ್ಲಿ ತಾಮ್ ಎಂಬ ಗಂಡು, ಅದೇ ನವೆಂಬರಿನಲ್ಲಿ ಇಮಾನ್ ಎಂಬ ಹೆಣ್ಣು ಸತ್ತು, ಮಲೇಷಿಯಾದಲ್ಲಿ ಆ ಪ್ರಾಣಿ ಇಲ್ಲವಾಯಿತು. ಆದ್ದರಿಂದ ನಿಮ್ಮ ಸಂಸ್ಥೆಯವರನ್ನು ಕೇಳಿ: ಹಣದಲ್ಲಿ ಎಷ್ಟು ಭಾಗ ಕೇಂದ್ರದ ದಿನನಿತ್ಯದ ಖರ್ಚಿಗೆ, ಎಷ್ಟು ಕಾಡಿನ ಭೂಮಿಗೆ ಮತ್ತು ಗಸ್ತಿಗೆ? ಸಬಾದಲ್ಲಿ ಅದನ್ನು ಪಡೆಯುವ ಸಂಸ್ಥೆ ಯಾವುದು, ಅದರ ಲೆಕ್ಕಪತ್ರ ಎಲ್ಲಿ ಸಿಗುತ್ತದೆ? ಒಂದೇ ಪ್ರಾಣಿಯ ಹೆಸರಿಗೆ, ಒಂದೇ ಪಂಜರಕ್ಕೆ ಎಂದು ಷರತ್ತು ಹಾಕಿ ಹಣ ಕೊಡಬೇಡಿ. ಪಂಜರಕ್ಕೆ ಬಂದ ಹಣದಿಂದ ಪಾಲಕನ ಸಂಬಳ ಕೊಡಲಾಗದೆ ಪರದಾಡುವ ಕೇಂದ್ರಗಳನ್ನು ನಾನು ಬಲ್ಲೆ.

ಈಗ ಆ ಚಿತ್ರದ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಅದೇ. ಪ್ರೀತಿಯಿಂದ ಎತ್ತಿಕೊಂಡರೆ ಮರಿಗೆ ಹಿತವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಒರಾಂಗುಟಾನ್‌ನ ವಂಶವಾಹಿಗಳಲ್ಲಿ ಸುಮಾರು ಶೇ 97ರಷ್ಟು ನಮ್ಮವೇ ಆಗಿರುವುದರಿಂದ ನಮ್ಮ ನೆಗಡಿ, ಕ್ಷಯ, ಜ್ವರಗಳು ಅದಕ್ಕೆ ಸುಲಭವಾಗಿ ಹರಡುತ್ತವೆ. ನಿಮಗೆ ಮೂರು ದಿನದ ಕೆಮ್ಮಾಗಿ ಹೋಗುವ ಸೋಂಕು ಆ ಮರಿಗೆ ಶ್ವಾಸಕೋಶದ ಉರಿಯೂತವಾಗಬಹುದು. ವಿಮಾನ ನಿಲ್ದಾಣಗಳನ್ನು ದಾಟಿ ಬಂದ ಪ್ರವಾಸಿಗನಿಗಿಂತ ಅಪಾಯಕಾರಿಯಾದ ಅತಿಥಿ ಅದಕ್ಕೆ ಇನ್ನೊಬ್ಬನಿಲ್ಲ. ಜೊತೆಗೆ, ಮನುಷ್ಯರ ಕೈಗೆ ಒಗ್ಗಿದ ಮರಿ ದೊಡ್ಡದಾಗಿ ಕಾಡಿಗೆ ಹೋದ ಮೇಲೂ ಮನುಷ್ಯರನ್ನೇ ಹುಡುಕಿಕೊಂಡು ಬರುತ್ತದೆ. ಬಂದದ್ದು ತೋಟದ ಕಾರ್ಮಿಕರ ಬಳಿಗಾದರೆ ಅದರ ಗತಿ ಹೇಳಬೇಕಾಗಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ವಾನರಗಳಿಂದ ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು, ಅಸ್ವಸ್ಥರು ಹತ್ತಿರ ಹೋಗಲೇಬಾರದು ಎಂದು ಹೇಳಿದ್ದಾರೆ. ಸೆಪಿಲೋಕ್‌ನಲ್ಲಿ ಸಂದರ್ಶಕರು ಅಟ್ಟಣೆಯ ಮೇಲೆ ನಿಂತು ನೋಡಬೇಕೇ ಹೊರತು ಮುಟ್ಟುವಂತಿಲ್ಲ.

ಇದಕ್ಕೆ ವಿರುದ್ಧವಾದ ಪರಿಸ್ಥಿತಿ ನೆರೆಯ ಸುಮಾತ್ರಾದ ಬುಕಿತ್ ಲವಾಂಗ್‌ನಲ್ಲಿ ಬೆಳೆಯಿತು. ಅಲ್ಲಿ 1973ರಲ್ಲಿ ಪುನರ್ವಸತಿ ಕೇಂದ್ರ ಆರಂಭವಾಗಿ, ಕಾಡಿಗೆ ಬಿಟ್ಟ ಒರಾಂಗುಟಾನ್‌ಗಳ ಸುತ್ತ ಚಾರಣದ ವ್ಯವಹಾರ ಹುಟ್ಟಿಕೊಂಡಿತು. ಪ್ರವಾಸಿಗರಿಗೆ ಹತ್ತಿರದಿಂದ ತೋರಿಸಲೆಂದು ಕೆಲವು ಮಾರ್ಗದರ್ಶಕರು ಹಣ್ಣು ಕೊಟ್ಟು ಕರೆಯುವುದು ರೂಢಿಯಾಯಿತು. ಚೀಲ ಕಸಿಯುವ, ಕಚ್ಚುವ ಪ್ರಾಣಿಗಳು ಅದರ ಫಲ. ಆದ್ದರಿಂದ ಕರಪತ್ರದ ಚಿತ್ರ ಹಳೆಯದೇ, ಎತ್ತಿಕೊಂಡವರು ಪಾಲಕರೇ, ಇಲ್ಲವೇ ಚಾರಣಿಗರಿಗೆ ಈಗಲೂ ಅವಕಾಶವಿದೆಯೇ ಎಂದು ನೇರವಾಗಿ ಕೇಳಿ. "ಅವಕಾಶವಿದೆ" ಎಂಬ ಉತ್ತರ ಬಂದರೆ ಮುಂದಿನದನ್ನು ಓದಬೇಕಾಗಿಲ್ಲ, ಆ ತಂಡದೊಂದಿಗೆ ಹೋಗಬೇಡಿ.

ಹತ್ತಾರು ಜನ ನಡೆದರೆ ಕಾಡು ಹಾಳಾಗುತ್ತದೆಯೇ? ಹೌದು, ಆದರೆ ಎಲ್ಲಿ ನಡೆಯುತ್ತಾರೆ ಎಂಬುದರ ಮೇಲೆ. ಕಾಲುದಾರಿಗಳ ಬಗ್ಗೆ ನಡೆದ ಸಂಶೋಧನೆಗಳು ತೋರಿಸಿರುವ ಸಂಗತಿ ಕುತೂಹಲಕರವಾಗಿದೆ: ಮಣ್ಣು ಗಟ್ಟಿಯಾಗುವುದು, ಸಸಿಗಳು ಸಾಯುವುದು ಮುಂತಾದ ಹಾನಿಯ ಬಹುಭಾಗ ಮೊದಲ ಕೆಲವು ಬಾರಿಯ ತುಳಿತದಲ್ಲೇ ಆಗಿಹೋಗುತ್ತದೆ, ಆಮೇಲೆ ಅದೇ ದಾರಿಯಲ್ಲಿ ನೂರು ಜನ ಹೋದರೂ ಹೆಚ್ಚುವ ಹಾನಿ ಕಡಿಮೆ. ಎಂದರೆ, ಇರುವ ದಾರಿಯಲ್ಲೇ ಒಬ್ಬರ ಹಿಂದೊಬ್ಬರು ಕೆಸರಿನಲ್ಲಿ ಕಾಲಿಟ್ಟು ನಡೆಯುವ ದೊಡ್ಡ ತಂಡಕ್ಕಿಂತ, ಕೆಸರು ತಪ್ಪಿಸಲು ಅಕ್ಕಪಕ್ಕಕ್ಕೆ ಸರಿದು ಹೊಸ ದಾರಿ ಮಾಡುವ ಸಣ್ಣ ತಂಡವೇ ಹೆಚ್ಚು ಕೆಡಿಸುತ್ತದೆ. 'ಯಾರೂ ಕಾಲಿಡದ ಕಾಡಿನಲ್ಲಿ' ಎಂದು ಜಾಹೀರಾತು ಮಾಡುವ ಚಾರಣಗಳ ಬಗ್ಗೆ ನನಗೆ ಸಂಶಯ ಇರುವುದು ಇದೇ ಕಾರಣಕ್ಕೆ. ಸಬಾದ 438 ಚದರ ಕಿಲೋಮೀಟರಿನ ದನುಮ್ ಕಣಿವೆಯಂತಹ ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರೊಂದಿಗೆ, ಗೊತ್ತಾದ ದಾರಿಗಳಲ್ಲೇ ನಡೆಯಬೇಕು. ಉಷ್ಣವಲಯದ ಅತಿ ಎತ್ತರದ ಮರವೆಂದು ಗುರುತಿಸಲಾದ, ನೂರು ಮೀಟರನ್ನು ಮೀರಿದ ಮೆರಂತಿ ಮರ ಇರುವುದೂ ಅಲ್ಲಿಯೇ. ಆದರೂ ಪ್ರಾಣಿಗಳನ್ನು ಹಿಂಡುಹಿಂಡಾಗಿ ನೋಡುವ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಳೆಕಾಡಿನಲ್ಲಿ ಜೀವ ಇರುವುದು ಹೆಚ್ಚಾಗಿ ತಲೆಯ ಮೇಲೆ, ಎಲೆಗಳ ಹಿಂದೆ.

ಬೂಟಿನ ಬಗ್ಗೆ ಒಂದು ಮಾತು, ಇದನ್ನು ಸಂಘಟಕರು ಸಾಮಾನ್ಯವಾಗಿ ಹೇಳುವುದಿಲ್ಲ. 2021ರಲ್ಲಿ ಆಫ್ರಿಕನ್ ಹಂದಿಜ್ವರ ಸಬಾವನ್ನು ತಲುಪಿ ಅಲ್ಲಿನ ಗಡ್ಡದ ಕಾಡುಹಂದಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಈ ರೋಗದ ವೈರಸ್ ಮಣ್ಣು ಮೆತ್ತಿದ ಪಾದರಕ್ಷೆಯಲ್ಲಿ, ಹಂದಿಮಾಂಸದ ತಿನಿಸಿನಲ್ಲಿ ಬಹುದೂರ ಪ್ರಯಾಣ ಮಾಡಬಲ್ಲದು. ಹೊರಡುವ ಮೊದಲು ಬೂಟು, ಚೀಲ, ಊರುಗೋಲುಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿ, ಮರಳುವಾಗಲೂ ಹಾಗೆಯೇ. ಚಾರಣದ ಕೊನೆಯ ದಿನ ಪ್ರತಿಯೊಬ್ಬರ ಕೈಯಲ್ಲಿ ಒಂದು ಸಸಿ ನೆಡಿಸುವ ಕಾರ್ಯಕ್ರಮವಿದ್ದರೆ ಸಂತೋಷದಿಂದ ನೆಡಿ, ಆದರೆ ಅದರಿಂದ ನಿಮ್ಮ ವಿಮಾನಯಾನದ ಹೊಗೆ ತೀರಿಹೋಯಿತೆಂದು ಭಾವಿಸಬೇಡಿ. ಆ ಸಸಿಯ ಸುತ್ತಲಿನ ಕಳೆಯನ್ನು ಮುಂದಿನ ವರ್ಷ ಯಾರು ತೆಗೆಯುತ್ತಾರೆ, ಅವರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ಕೇಳುವುದು ನೆಡುವುದಕ್ಕಿಂತ ಉಪಯುಕ್ತ. ಕಿನಬತಂಗನ್ ದಂಡೆಯ ಬಾಟು ಪುತೆ ಗ್ರಾಮದವರ ಸಹಕಾರ ಸಂಘ ಪ್ರವಾಸಿಗರಿಗೆ ವಸತಿ ಕೊಡುವುದನ್ನೂ ಕಾಡು ಬೆಳೆಸುವುದನ್ನೂ ತಾನೇ ನಡೆಸುತ್ತದೆ. ಇಂತಹ ಕಡೆ ಉಳಿದುಕೊಂಡರೆ ನಿಮ್ಮ ಊಟದ ಹಣವೂ ಕಾಡಿನ ಪಕ್ಕದ ಮನೆಗಳಿಗೆ ಸೇರುತ್ತದೆ.

ನಿಮ್ಮ ಭಯದ ವಿಷಯಕ್ಕೆ ಬರುತ್ತೇನೆ. ಜಿಗಣೆಗಳು ಇರುತ್ತವೆ, ಕಚ್ಚುತ್ತವೆ, ಆದರೆ ಅವುಗಳಿಂದ ರೋಗ ಬರುತ್ತದೆಂದು ಹೆದರಬೇಕಾಗಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಜಿಗಣೆಗಾಲುಚೀಲ ಧರಿಸಿ. ಕಚ್ಚಿದರೆ ಉಪ್ಪು, ಬೆಂಕಿಕಡ್ಡಿಗಳ ಗೊಡವೆಗೆ ಹೋಗದೆ ಅದರ ಬಾಯಿಯ ಬುಡಕ್ಕೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ಸುಟ್ಟರೆ ಅದು ಕುಡಿದದ್ದನ್ನು ಗಾಯದೊಳಗೆ ಕಕ್ಕಿ ಸೋಂಕಾಗುವ ಸಂಭವವಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಹಲವು ಗಂಟೆ ಒಸರಬಹುದು. ರಕ್ತದೊತ್ತಡದ ಮಾತ್ರೆಯ ಜೊತೆ ನೀವು ರಕ್ತ ತೆಳುಗೊಳಿಸುವ ಮಾತ್ರೆಯನ್ನೂ ನುಂಗುತ್ತಿದ್ದರೆ ಅದನ್ನು ಮುಂಚಿತವಾಗಿ ತಂಡದ ವೈದ್ಯರಿಗೆ ತಿಳಿಸಿ. ಹಾವುಗಳು ನಿಮ್ಮ ಸದ್ದಿಗೆ ಸರಿದುಹೋಗುತ್ತವೆ. ನೋಡದೆ ಕೈಯಿಡಬೇಡಿ, ಕತ್ತಲಲ್ಲಿ ದೀಪವಿಲ್ಲದೆ ನಡೆಯಬೇಡಿ, ಅಷ್ಟು ಸಾಕು.

ಚಾರಣಿಗರು ಹೆದರದೇ ಇರುವ ಸಂಗತಿಗಳೇ ಅಲ್ಲಿ ಅಪಾಯಕಾರಿ. ಮೊದಲನೆಯದು ಸೆಕೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ನೀರು ಮತ್ತು ಉಪ್ಪನ್ನು ಹೊರಹಾಕುವಂಥವು, ಕೆಲವು ಹೃದಯ ಬಡಿತದ ವೇಗವನ್ನು ತಡೆಹಿಡಿಯುವಂಥವು. ಅಂತಹ ಸೆಕೆಯಲ್ಲಿ ಇವು ನಿತ್ರಾಣ, ತಲೆಸುತ್ತಿಗೆ ಕಾರಣವಾಗಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೊರಡುವುದಕ್ಕೆ ತಿಂಗಳೆರಡು ತಿಂಗಳು ಮೊದಲೇ ನಿಮ್ಮ ವೈದ್ಯರೊಂದಿಗೆ ಮಾತನಾಡಿ. ದೇಹ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ, ಇಳಿದ ಮರುದಿನವೇ ದೀರ್ಘ ನಡಿಗೆ ಇಟ್ಟುಕೊಂಡ ಕಾರ್ಯಕ್ರಮ ನನಗೆ ಒಪ್ಪಿಗೆಯಿಲ್ಲ. ಎರಡನೆಯದು ಮರಗಳಿಂದ ಬೀಳುವ ಒಣಕೊಂಬೆಗಳು. ಮಲಗುವ ಜಾಗ ಆರಿಸುವ ಮೊದಲು ಮಾರ್ಗದರ್ಶಕರು ಮೇಲೆ ನೋಡುತ್ತಾರೆಯೇ ಎಂದು ಗಮನಿಸಿ.

ಮೂರನೆಯದು ನೀರು. 2000ದಲ್ಲಿ ಸಬಾದಲ್ಲಿ ನಡೆದ ಇಕೋ-ಚಾಲೆಂಜ್ ಎಂಬ ಸಾಹಸ ಸ್ಪರ್ಧೆಯಲ್ಲಿ 304 ಮಂದಿ ಭಾಗವಹಿಸಿದ್ದರು. ಅವರು ತಮ್ಮ ತಮ್ಮ ದೇಶಗಳಿಗೆ ಮರಳಿದ ಮೇಲೆ ಜ್ವರ ಕಾಣಿಸಿಕೊಂಡಿತು. ಸಂಪರ್ಕಕ್ಕೆ ಸಿಕ್ಕ 189 ಜನರಲ್ಲಿ 80 ಮಂದಿಯಲ್ಲಿ ಇಲಿಜ್ವರದ ಲಕ್ಷಣಗಳಿದ್ದವು. ಸೆಗಾಮಾ ನದಿಯಲ್ಲಿ ಈಜಿದವರಿಗೆ ಅಪಾಯ ಹೆಚ್ಚಾಗಿತ್ತೆಂದೂ, ಮುಂಚಿತವಾಗಿ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಮಾತ್ರೆ ತೆಗೆದುಕೊಂಡವರಿಗೆ ರಕ್ಷಣೆ ಸಿಕ್ಕಿತ್ತೆಂದೂ ತನಿಖೆಯಲ್ಲಿ ಕಂಡುಬಂತು. ಇದರೊಂದಿಗೆ, ಕೋತಿಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ನೋಲೆಸಿ ಮಲೇರಿಯಾ ಸಬಾದ ಕಾಡಂಚಿನಲ್ಲಿ ಇದೆ. ಇದರ ಪರೋಪಜೀವಿ 24 ಗಂಟೆಗೊಮ್ಮೆ ಹೆಚ್ಚುವುದರಿಂದ ರೋಗಿ ಬೇಗ ಗಂಭೀರ ಸ್ಥಿತಿ ತಲುಪುತ್ತಾನೆ; ಸೂಕ್ಷ್ಮದರ್ಶಕದಲ್ಲಿ ಅದು ಸೌಮ್ಯವಾದ ಮತ್ತೊಂದು ಮಲೇರಿಯಾದಂತೆ ಕಾಣುತ್ತದೆ. ಯಾವ ಔಷಧಿ ಬೇಕು ಎಂಬುದನ್ನು ವೈದ್ಯರು ನಿರ್ಧರಿಸಲಿ. ನೀವು ಮಾಡಬೇಕಾದದ್ದು, ಮರಳಿದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ "ಬೋರ್ನಿಯೋದ ಕಾಡಿನಲ್ಲಿದ್ದೆ, ಹೊಳೆ ದಾಟಿದ್ದೆ" ಎಂದು ತಪ್ಪದೆ ಹೇಳುವುದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಸ್ವಂತ ಖರ್ಚಿನಲ್ಲಿ ಹೋಗಿ ದೇಣಿಗೆಯನ್ನೆಲ್ಲ ಕೆಲಸಕ್ಕೆ ಕೊಡುವುದು ನನ್ನ ಮೊದಲ ಆಯ್ಕೆ. ಇದರ ತೊಂದರೆ ನಿಮ್ಮ ಜೇಬಿಗಷ್ಟೇ. ಸಂಸ್ಥೆಯ ಕ್ರಮದಂತೆ ಹೋಗಿ ದಾನಿಗಳಿಗೆ ಲೆಕ್ಕವನ್ನು ಮುಂಚಿತವಾಗಿ ತಿಳಿಸುವುದು ಎರಡನೆಯದು. ಇದರಲ್ಲಿ ಕನಿಷ್ಠ ಮೊತ್ತ ತುಂಬದಿದ್ದರೆ ಕೊರತೆಯನ್ನು ಯಾರು ಭರಿಸಬೇಕು, ಕಾಯಿಲೆಯಿಂದ ಹೋಗಲಾಗದಿದ್ದರೆ ಕೂಡಿದ ಹಣ ಏನಾಗುತ್ತದೆ ಎಂಬ ಷರತ್ತುಗಳನ್ನು ಸಹಿ ಹಾಕುವ ಮುನ್ನ ಓದಲೇಬೇಕು. ಮೂರನೆಯದು, ಸಬಾಕ್ಕೆ ಹೋಗದೆ ನೀವಿರುವಲ್ಲೇ ಅಷ್ಟು ದೂರ ನಡೆದು ಅದೇ ಹೆಸರಿನಲ್ಲಿ ಹಣ ಕೂಡಿಸುವುದು. ದೇಣಿಗೆ ಬಹುಶಃ ಕಡಿಮೆ ಬರುತ್ತದೆ, ಆದರೆ ಅದರಲ್ಲಿ ಸೋರುವುದೂ ಕಡಿಮೆ. ಅಣ್ಣನವರ ದಾರಿಯೂ ಇದ್ದೇ ಇದೆ. ಅದನ್ನು ಆರಿಸಿದರೆ ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ಕೆಲವು ವರ್ಷ ಪ್ರತಿ ತಿಂಗಳೂ ಸಣ್ಣ ಮೊತ್ತ ಕೊಡಿ. ಕೇಂದ್ರಗಳಿಗೆ ಪಾಲಕರನ್ನು ನೇಮಿಸಿಕೊಳ್ಳುವ ಧೈರ್ಯ ಬರುವುದು ಅಂತಹ ಹಣದಿಂದ. ಕಾಡನ್ನು ನೋಡುವ ಆಸೆಯನ್ನು ಮಾತ್ರ ಅಪರಾಧವೆಂದು ತಿಳಿಯಬೇಡಿ. ಆಸೆಯಿಂದ ಹೋಗುತ್ತಿದ್ದೇನೆ ಎಂದು ಒಪ್ಪಿಕೊಂಡು ಹೋಗುವವರು, ತ್ಯಾಗವೆಂದು ಹೇಳಿಕೊಂಡು ಬರುವವರಿಗಿಂತ ಕಾಡಿನಲ್ಲಿ ಕಡಿಮೆ ತೊಂದರೆ ಕೊಡುತ್ತಾರೆ ಎಂಬುದು ನನ್ನ ಅನುಭವ.

ಸಂಸ್ಥೆಗೆ ಬರೆಯುವಾಗ ಪ್ರಶ್ನೆಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳಿ: ದೇಣಿಗೆಯಲ್ಲಿ ಪ್ರವಾಸಕ್ಕೆ ಹೋಗುವ ಪಾಲು, ಉಳಿದದ್ದನ್ನು ಪಡೆಯುವ ಸಂಸ್ಥೆ ಮತ್ತು ಕೆಲಸ, ಪ್ರಾಣಿಗಳನ್ನು ಮುಟ್ಟುವ ಬಗ್ಗೆ ನಿಯಮ, ತಂಡದ ಗಾತ್ರ, ಕಾಯಿಲೆಯಾದವರನ್ನು ಹೊರತರುವ ವ್ಯವಸ್ಥೆ, ಹತ್ತಿರದ ಆಸ್ಪತ್ರೆಗೆ ತಗಲುವ ಸಮಯ. ಸರಿಯಾಗಿ ನಡೆಯುವ ಸಂಸ್ಥೆಯ ಬಳಿ ಇವೆಲ್ಲಕ್ಕೂ ಉತ್ತರ ಸಿದ್ಧವಾಗಿರುತ್ತದೆ, ಒಂದು ವಾರದೊಳಗೆ ಬರಹದಲ್ಲಿ ಬರುತ್ತದೆ. ಅದು ಬರುವವರೆಗೆ ಯಾರಿಂದಲೂ ದೇಣಿಗೆ ಕೇಳಬೇಡಿ, ಮುಂಗಡವನ್ನೂ ಕಟ್ಟಬೇಡಿ.